ಲ್ಯಾಪ್‌ಟಾಪಿನ ವೇಗ ಮತ್ತು ವಾಟಿನ ಲೆಕ್ಕ

(ಪುಣೆಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ವಿದ್ಯಾನಿಧಿಯಿಂದ ಹತ್ತು ಲ್ಯಾಪ್‌ಟಾಪುಗಳನ್ನು ಕೊಂಡು, ಹಗಲು ದುಡಿದು ರಾತ್ರಿ ಓದುವ ನಮ್ಮ ತರುಣರಿಗೂ ಸದಸ್ಯರ ಮಕ್ಕಳಿಗೂ ಸರದಿಯ ಮೇಲೆ ಕೊಡಬೇಕೆಂದು ಕಾರ್ಯಕಾರಿ ಸಮಿತಿಯು ಗೊತ್ತುಪಡಿಸಿರುವ ವಿಷಯ ತಮಗೆಲ್ಲ ತಿಳಿದೇ ಇದೆ. ಆದರೆ ಯಾವ ಯಂತ್ರ ಕೊಳ್ಳುವುದು ಎಂಬ ಮಾತು ಬಂದೊಡನೆ ಸಮಿತಿಯಲ್ಲಿ ಮೂರು ಪಕ್ಷಗಳಾದವು. ಕೊಳ್ಳುವುದಾದರೆ ಎಲ್ಲಕ್ಕಿಂತ ವೇಗದ್ದನ್ನೇ ಕೊಳ್ಳಿ, ಹತ್ತರ ಬದಲು ಐದಾದರೂ ಸರಿ ಎಂದರು ಕೆಲವರು. ಕಚೇರಿಗಳಿಂದ ಹೊರಬಿದ್ದ ಹಳೆಯ ಪೆಟ್ಟಿಗೆ ಕಂಪ್ಯೂಟರುಗಳು ಬಲು ಅಗ್ಗವಾಗಿ ಸಿಗುತ್ತವೆ, ಅವನ್ನೇ ತನ್ನಿ ಎಂದರು ಮತ್ತೆ ಕೆಲವರು. ಅಂಗಡಿಯವನು ಬಲ್ಲವನು, ಅವನು ಹೇಳಿದ್ದನ್ನು ತೆಗೆದುಕೊಂಡರಾಯಿತು ಎಂದವರೂ ಇದ್ದರು. ವಿಚಾರಿಸಿ ಬಂದು ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ನಾವು ಇಂಜಿನಿಯರರಲ್ಲ, ಭಟ್ಟಿಯ ಮುಂದೆ ನಿಂತು ದುಡಿದವರು. ಆದರೆ ವಿಷಯವನ್ನು ಕೆದಕುತ್ತ ಹೋದಂತೆ, ಉರಿ, ಪಾತ್ರೆ, ಉಗ್ರಾಣ, ಮಗ್ಗಗಳ ಲೆಕ್ಕ ಬಲ್ಲವರಿಗೆ ಇದು ಅಷ್ಟೇನೂ ದೂರದ್ದಲ್ಲವೆಂದು ಕಂಡುಬಂತು.

ಮೊದಲು ನಮ್ಮ ಹುಡುಗರು ಓದುವ ಜಾಗವನ್ನು ನೆನೆಯಿರಿ. ಹೋಟೆಲಿನ ಅಟ್ಟದ ಮೇಲೋ ಅಡಿಗೆಮನೆಯ ಹಿಂದಿನ ಖೋಲಿಯಲ್ಲೋ ಎಂಟು ಹತ್ತು ಮಂದಿ ಮಲಗುತ್ತಾರೆ. ಗೋಡೆಗೆ ಒಂದೇ ಪ್ಲಗ್ಗು. ಅದರಲ್ಲಿ ಎಲ್ಲರ ಮೊಬೈಲುಗಳ ಸರದಿ. ರಾತ್ರಿ ಶಟರ್ ಎಳೆದೊಡನೆ ಮೇನ್ ಸ್ವಿಚ್ಚನ್ನೂ ಆರಿಸಿ ಮನೆಗೆ ಹೋಗುವ ಮಾಲಿಕರಿದ್ದಾರೆ. ಅಂಥ ಒಂದು ಹೋಟೆಲಿನಲ್ಲಿ ನಾವೂ ವರ್ಷಗಟ್ಟಲೆ ಕತ್ತಲೆಯಲ್ಲಿ ಮಲಗಿದವರೇ. ಪಿಂಪರಿ, ಭೋಸರಿ ಕಡೆಯ ಖೋಲಿಗಳಲ್ಲಿ ಇರುವವರಿಗೆ ದುರಸ್ತಿಯ ಹೆಸರಿನಲ್ಲಿ ಗುರುವಾರ ಕರೆಂಟು ತೆಗೆಯುವ ಸಂಗತಿ ಹೊಸದಲ್ಲ. ಇಂಥ ಕಡೆ ಬ್ಯಾಟರಿ ಎಷ್ಟು ಹೊತ್ತು ಬಂದೀತೋ ಅಷ್ಟೇ ಹೊತ್ತು ಓದು. ಎರಡು ಗಂಟೆ ಬರುವ ಯಂತ್ರ ಕೊಟ್ಟರೆ ಎರಡು ಗಂಟೆಯ ವಿದ್ಯೆ, ಆರು ಗಂಟೆಯದು ಕೊಟ್ಟರೆ ಆರು ಗಂಟೆಯದು. ಆದುದರಿಂದ ಯಂತ್ರ ಎಷ್ಟು ವೇಗದ್ದು ಎಂಬ ಪ್ರಶ್ನೆಗಿಂತ, ಒಂದು ಸಲ ತುಂಬಿದ ಬ್ಯಾಟರಿಯಲ್ಲಿ ಎಷ್ಟು ಕೆಲಸ ಮಾಡಿ ಮುಗಿಸುತ್ತದೆ ಎಂಬ ಪ್ರಶ್ನೆ ನಮಗೆ ದೊಡ್ಡದು.

ಪ್ರೊಸೆಸರು ಎಂಬುದು ಲ್ಯಾಪ್‌ಟಾಪಿನ ಅಡಿಗೆಭಟ್ಟ. ಲೆಕ್ಕ, ಬರಹ, ಚಿತ್ರ ಎಲ್ಲವೂ ಅದರ ಕೈಯಿಂದಲೇ ಆಗಬೇಕು. ಅದರ ಆಹಾರ ವಿದ್ಯುತ್ತು. ಯಾವ ರಭಸದಲ್ಲಿ ಎಳೆಯುತ್ತದೆ ಎಂಬುದರ ಅಳತೆ ವಾಟು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಕಾದರೆ ಬಿಲ್ಲಿನಲ್ಲಿ ಒಂದು ಯೂನಿಟ್ಟು ಏರುತ್ತದೆ. ಸಾಧಾರಣ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 50 ವಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. ಪರದೆ ಮೊದಲಾದುವೆಲ್ಲ ಸೇರಿ ಯಂತ್ರವು 25 ವಾಟು ಎಳೆದರೆ ಎರಡು ಗಂಟೆಗೆ ಬ್ಯಾಟರಿ ಬರಿದು. 10 ವಾಟು ಎಳೆದರೆ ಐದು ಗಂಟೆ. 5 ವಾಟಿನಲ್ಲಿ ಸಾಗಿಸಿದರೆ ಹತ್ತು ಗಂಟೆ.

ಇನ್ನು ವೇಗದ ಮಾತು. ಸಾಂಬಾರಿನ ಪಾತ್ರೆಯನ್ನು ಗ್ಯಾಸಿನ ಮೇಲಿಟ್ಟ ಹೊಸ ಮಾಣಿ ಕಿವಿಯನ್ನು ಪೂರ್ತಿ ತಿರುಗಿಸುತ್ತಾನೆ. ಉರಿ ತಳವನ್ನು ಬಿಟ್ಟು ಪಾತ್ರೆಯ ಪಕ್ಕಕ್ಕೆ ಹಾರುತ್ತದೆ. ಸಾಂಬಾರು ತುಸು ಬೇಗ ಕುದಿಯುತ್ತದೆ ನಿಜ, ಆದರೆ ಸಿಲಿಂಡರು ಎಷ್ಟೋ ಮುಂಚೆ ಖಾಲಿಯಾಗುತ್ತದೆ. ಪ್ರೊಸೆಸರಿನಲ್ಲಿಯೂ ಇದೇ ಕಥೆ. ಅದರೊಳಗೆ ಕೋಟಿಗಟ್ಟಲೆ ಸೂಕ್ಷ್ಮ ಸ್ವಿಚ್ಚುಗಳು ಒಂದು ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುತ್ತಿರುತ್ತವೆ. ಸೆಕೆಂಡಿಗೆ ನೂರು ಕೋಟಿ ತಾಳವಾದರೆ ಒಂದು ಗಿಗಾಹರ್ಟ್ಸ್. ತಾಳವನ್ನು ಬಹಳ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು, ಕುತ್ತು ಬರುವುದು ಅಲ್ಲಿಯೇ. ತಾಳ ಎರಡರಷ್ಟಾದರೆ ವಿದ್ಯುತ್ತಿನ ಖರ್ಚು ಎರಡರಷ್ಟು, ಆದರೆ ವೋಲ್ಟೇಜು ಎರಡರಷ್ಟಾದರೆ ಖರ್ಚು ನಾಲ್ಕರಷ್ಟು. ಒಂದು ಲೆಕ್ಕ ಮಾಡಿ ನೋಡೋಣ. 3 ಗಿಗಾಹರ್ಟ್ಸಿನಲ್ಲಿ 1.2 ವೋಲ್ಟು ಬೇಡುವ ಪ್ರೊಸೆಸರು 2.5 ಗಿಗಾಹರ್ಟ್ಸಿನಲ್ಲಿ 1 ವೋಲ್ಟಿಗೆ ತೃಪ್ತವಾಗುತ್ತದೆ ಎಂದು ಹಿಡಿಯಿರಿ. ಹನ್ನೆರಡು ದೋಸೆ ಏಳುತ್ತಿದ್ದ ಹೊತ್ತಿನಲ್ಲಿ ಹತ್ತೇ ದೋಸೆ ಏಳುತ್ತವೆ; ಆದರೆ ಉರಿಯ ಖರ್ಚು ನೂರರಿಂದ ಐವತ್ತೆಂಟಕ್ಕೆ ಇಳಿಯುತ್ತದೆ. ಒಂದೊಂದು ದೋಸೆಯ ಮೇಲೆ ನೂರಕ್ಕೆ ಮೂವತ್ತು ಪಾಲು ಉರಿ ಉಳಿಯಿತು. ಎರಡು ದೋಸೆಯ ಆತುರಕ್ಕೆ ಇಷ್ಟು ದಂಡ ಕೊಡಬೇಕೇ ಎಂಬುದನ್ನು ಗಿರಾಕಿ ಹೇಳಬೇಕು, ಒಲೆಯಲ್ಲ.

ಈ ದಂಡವನ್ನು ದೊಡ್ಡ ದೊಡ್ಡ ಕಂಪನಿಗಳೇ ಕೊಟ್ಟಿವೆ. ಇಂಟೆಲ್ ಕಂಪನಿಯು 2000ರಲ್ಲಿ ಪೆಂಟಿಯಂ 4 ಎಂಬ ಪ್ರೊಸೆಸರನ್ನು ತಂದು, ಗಿಗಾಹರ್ಟ್ಸಿನ ಅಂಕೆಯನ್ನೇ ಮಾರತೊಡಗಿತು. ಅಂಕೆ ಏರಿದಂತೆ ಕಾವೂ ಏರಿತು. ಕಡೆಗೆ 2004ರಲ್ಲಿ, 4 ಗಿಗಾಹರ್ಟ್ಸಿನ ಪೆಂಟಿಯಂ 4 ತರುವ ಯೋಜನೆಯನ್ನು ಅದು ಕೈಬಿಡಬೇಕಾಯಿತು. ಸ್ವಾರಸ್ಯವೆಂದರೆ, ಅದೇ ಕಂಪನಿಯ ಇಸ್ರೇಲಿನ ಹೈಫಾ ಶಾಖೆಯವರು 2003ರಲ್ಲಿ ಲ್ಯಾಪ್‌ಟಾಪಿಗೆಂದೇ ಪೆಂಟಿಯಂ ಎಂ ಎಂಬುದನ್ನು ತಂದಿದ್ದರು. ಅದರ ತಾಳ 1.6 ಗಿಗಾಹರ್ಟ್ಸ್ ಇದ್ದರೂ, 2.4 ಗಿಗಾಹರ್ಟ್ಸಿನ ಲ್ಯಾಪ್‌ಟಾಪ್ ಪೆಂಟಿಯಂ 4ರಷ್ಟೇ ಕೆಲಸ ಮಾಡುತ್ತಿತ್ತು; ಒಂದೊಂದು ತಾಳಕ್ಕೆ ಅದು ಹೆಚ್ಚು ಕೆಲಸ ಮುಗಿಸುತ್ತಿದ್ದುದೇ ಕಾರಣ. ವಿದ್ಯುತ್ತು ಮಾತ್ರ 35 ವಾಟಿನ ಬದಲು ಸುಮಾರು 25 ವಾಟು. ಕೈ ಜೋರಾಗಿ ಬೀಸುವವನಿಗಿಂತ ಅಳತೆಯಿಂದ ಬೀಸುವವನ ಹಿಟ್ಟು ಹೆಚ್ಚು ಎಂಬುದು ಅಡಿಗೆಮನೆಯವರಿಗೆ ಹೇಳಬೇಕಾದ ಮಾತಲ್ಲ.

ಅಲ್ಲಿಂದ ಮುಂದೆ ದಾರಿ ಬೇರೆಯಾಯಿತು. ಒಬ್ಬ ಭಟ್ಟನನ್ನು ಓಡಿಸುವ ಬದಲು, ಒಂದೇ ಚಿಪ್ಪಿನೊಳಗೆ ಇಬ್ಬರು, ನಾಲ್ವರು, ಎಂಟು ಮಂದಿ ಸಾವಧಾನದ ಭಟ್ಟರನ್ನು ಕೂಡಿಸುವುದು. ಇವರಿಗೆ ಕೋರ್ ಎಂದು ಹೆಸರು. ಈ ದಾರಿ ನಮ್ಮ ಪುಣೆಗೆ ಅಪರಿಚಿತವಲ್ಲ. ಭಾರತಕ್ಕೆ ಬೇಕಾದ ಮಹಾಗಣಕವನ್ನು ಮಾರಲು ಅಮೆರಿಕ ಒಪ್ಪದಿದ್ದಾಗ 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು. ವಿಜಯ ಭಾಟ್ಕರರ ನೇತೃತ್ವದಲ್ಲಿ 1991ರಲ್ಲಿ ಹೊರಬಂದ ಪರಮ್ 8000 ಯಂತ್ರದಲ್ಲಿ ದೈತ್ಯ ಪ್ರೊಸೆಸರು ಒಂದೂ ಇರಲಿಲ್ಲ. ಟ್ರಾನ್ಸ್‌ಪ್ಯೂಟರ್ ಎಂಬ ಚಿಕ್ಕ ಚಿಕ್ಕ ಪ್ರೊಸೆಸರುಗಳನ್ನು ಹತ್ತಾರು ಸಂಖ್ಯೆಯಲ್ಲಿ ಜೋಡಿಸಿ, ಕೆಲಸವನ್ನು ಪಾಲು ಹಂಚಿ ಮಾಡಿಸಿದರು. ಗಣೇಶಖಿಂಡದ ರಸ್ತೆಯಲ್ಲಿ ಬಸ್ಸಿಗೆ ಕಾಯುವ ನಮ್ಮವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತೋ ಕಾಣೆವು.

ಗಿರಣಿಯ ಹಿರಿಯರಿಗೆ ಇನ್ನೊಂದು ಮಾತು ಚೆನ್ನಾಗಿ ಅರ್ಥವಾದೀತು. ಹಿಂದೆ ಗಿರಣಿಗಳಲ್ಲಿ ಒಂದು ಉಗಿಯಂತ್ರ, ಅದರಿಂದ ಛಾವಣಿಯುದ್ದಕ್ಕೂ ತಿರುಗುವ ಒಂದು ಶಾಫ್ಟು, ಶಾಫ್ಟಿನಿಂದ ಒಂದೊಂದು ಮಗ್ಗಕ್ಕೆ ಪಟ್ಟೆ. ನೂರು ಮಗ್ಗಗಳಲ್ಲಿ ಹತ್ತೇ ನಡೆದರೂ ಇಡೀ ಶಾಫ್ಟು ತಿರುಗಲೇಬೇಕು, ಕಲ್ಲಿದ್ದಲು ಉರಿಯಲೇಬೇಕು. ನಮ್ಮ ಲೋಣಾವಳೆಯ ಕೆರೆಗಳ ನೀರನ್ನು ಖೋಪೋಲಿಗೆ ಇಳಿಸಿ 1915ರಿಂದ ಟಾಟಾ ಕಂಪನಿಯು ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು ಕೊಡತೊಡಗಿತು. ಕಾಲಕ್ರಮದಲ್ಲಿ ಮಗ್ಗ ಮಗ್ಗಕ್ಕೂ ಮೋಟಾರು ಬಂತು. ನಡೆಯುವ ಮಗ್ಗಕ್ಕಷ್ಟೇ ಕರೆಂಟು. ಹೊಸ ಪ್ರೊಸೆಸರುಗಳು ಮಾಡಿರುವುದು ಇದನ್ನೇ. ಕೆಲಸವಿಲ್ಲದ ಭಾಗಕ್ಕೆ ಕರೆಂಟನ್ನೇ ಕಡಿಯುತ್ತವೆ, ಕ್ಷಣಾರ್ಧದಲ್ಲಿ ಮತ್ತೆ ಕೊಡುತ್ತವೆ. ಅದಕ್ಕೂ ಮಿಗಿಲಾಗಿ, ಅವುಗಳಲ್ಲಿ ಎರಡು ಬಗೆಯ ಕೋರುಗಳಿರುತ್ತವೆ. ಭಾರಿ ಕೆಲಸಕ್ಕೆ ಗಟ್ಟಿಮುಟ್ಟಾದ ಕೆಲವು, ಬರೆಯುವ ಓದುವ ಹಗುರ ಕೆಲಸಕ್ಕೆ ಮಿತಾಹಾರಿಗಳಾದ ಕೆಲವು. ಒಂದು ಲೋಟ ಚಹಾಕ್ಕೆ ದೊಡ್ಡ ಭಟ್ಟಿ ಹೊತ್ತಿಸಬಾರದಷ್ಟೆ.

ಈ ಏರ್ಪಾಡು ಮೊದಲು ರೂಢಿಗೆ ಬಂದುದು ಮೊಬೈಲುಗಳಲ್ಲಿ, ಆರ್ಮ್ ಎಂಬ ಜಾತಿಯ ಪ್ರೊಸೆಸರುಗಳಲ್ಲಿ. ಆರ್ಮ್ ಹುಟ್ಟಿದ ದಿನದ್ದೊಂದು ಕಥೆಯಿದೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಏಕಾರ್ನ್ ಎಂಬ ಸಣ್ಣ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬಿಬ್ಬರು ರಚಿಸಿದ ಮೊದಲ ಚಿಪ್ಪು 1985ರ ಏಪ್ರಿಲ್ 26ರಂದು ಕೈಗೆ ಬಂತು. ಹಚ್ಚಿ ನೋಡಿದರೆ ಚೆನ್ನಾಗಿ ನಡೆಯುತ್ತಿದೆ, ಆದರೆ ಕರೆಂಟು ಅಳೆಯುವ ಮುಳ್ಳು ಸೊನ್ನೆ ತೋರಿಸುತ್ತಿದೆ! ಹುಡುಕಿದಾಗ, ಚಿಪ್ಪಿಗೆ ಕರೆಂಟಿನ ತಂತಿಯೇ ಸೇರಿರಲಿಲ್ಲವೆಂದು ತಿಳಿಯಿತು. ಸಂಕೇತಗಳನ್ನು ತರುವ ಪಕ್ಕದ ತಂತಿಗಳಿಂದ ಸೋರಿ ಬಂದ ಅಲ್ಪ ವಿದ್ಯುತ್ತಿನಿಂದಲೇ ಅದು ದುಡಿಯುತ್ತಿತ್ತು. ನಮ್ಮ ಹುಡುಗರೂ ಪಕ್ಕದ ಮನೆಯ ದೀಪದ ಬೆಳಕಿನಲ್ಲಿ ಓದಿಲ್ಲವೇ, ಹಾಗೆ.

ಆ ಜಾತಿಯ ಪ್ರೊಸೆಸರನ್ನೇ ಬೆಳೆಸಿ ಆಪಲ್ ಕಂಪನಿಯು 2020ರ ನವೆಂಬರಿನಲ್ಲಿ ಎಂ1 ಎಂಬುದನ್ನು ಲ್ಯಾಪ್‌ಟಾಪಿಗೆ ತಂದಾಗ ಪೇಟೆಯಲ್ಲಿ ಗದ್ದಲವೆದ್ದಿತು. ನಾಲ್ಕು ಗಟ್ಟಿ ಕೋರು, ನಾಲ್ಕು ಮಿತಾಹಾರಿ ಕೋರು. ಅದರ ಮ್ಯಾಕ್‌ಬುಕ್ ಏರ್ ಯಂತ್ರದಲ್ಲಿ ಗಾಳಿ ಬೀಸುವ ಫ್ಯಾನೇ ಇಲ್ಲ. 49.9 ವಾಟ್-ಗಂಟೆಯ ಬ್ಯಾಟರಿಯಲ್ಲಿ ಅಂತರಜಾಲ ನೋಡುತ್ತ 15 ಗಂಟೆ ಬರುತ್ತದೆಂದು ಕಂಪನಿ ಸಾರಿತು. ಕಂಪನಿಯ ಮಾತನ್ನು ಪೂರ್ತಿ ನಂಬಬೇಡಿ, ಹತ್ತೇ ಗಂಟೆ ಎನ್ನಿ. ಆಗಲೂ ಇಡೀ ಯಂತ್ರ ಎಳೆದದ್ದು ಸರಾಸರಿ 5 ವಾಟು. ಖೋಲಿಯಲ್ಲಿ ಉರಿಯುವ ಎಲ್‌ಇಡಿ ಬಲ್ಬು ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಫ್ಯಾನಿಲ್ಲದಿರುವುದೂ ನಮಗೆ ಸಣ್ಣ ಸಂಗತಿಯಲ್ಲ. ಒಗ್ಗರಣೆಯ ಜಿಡ್ಡು, ಹಿಟ್ಟಿನ ಧೂಳು, ಹತ್ತಿಯ ನವಿರು ಇವೆಲ್ಲ ಫ್ಯಾನಿನಲ್ಲಿ ಸೇರಿ ಗಾಳಿಯ ದಾರಿ ಮುಚ್ಚುತ್ತವೆ. ಕಾವೇರಿದ ಪ್ರೊಸೆಸರು ತನ್ನನ್ನು ಕಾಯ್ದುಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಅಡಿಗೆಮನೆಯ ಹಿಂದಿನ ಸೆಕೆಯಲ್ಲಿ ಭಾರಿ ವೇಗದ ಯಂತ್ರವೂ ಎತ್ತಿನ ಬಂಡಿಯಾಗುವುದು ಹೀಗೆ.

ಮಿಕ್ಕವರು ಸುಮ್ಮನಿರಲಿಲ್ಲ. 2024ರ ಜೂನಿನಲ್ಲಿ ಕ್ವಾಲ್‌ಕಾಮ್ ಕಂಪನಿಯ ಸ್ನ್ಯಾಪ್‌ಡ್ರಾಗನ್ ಎಕ್ಸ್, ಜುಲೈಯಲ್ಲಿ ಎಎಂಡಿಯ ರೈಜನ್ ಎಐ 300, ಸೆಪ್ಟೆಂಬರಿನಲ್ಲಿ ಇಂಟೆಲಿನ ಕೋರ್ ಅಲ್ಟ್ರಾ 200ವಿ ಬಂದವು. ಕೊನೆಯದರ ವಿಷಯದಲ್ಲಿ ಎರಡು ಮಾತು ಗಮನಿಸತಕ್ಕವು. ಅದರ ಚೀಟಿಯಲ್ಲಿ ಮೂಲ ಖರ್ಚು 17 ವಾಟು, ಅವಸರದ ಗರಿಷ್ಠ 37 ವಾಟು ಎಂದು ಎರಡು ಅಂಕೆಗಳಿವೆ. ಅಂಗಡಿಯವನು ಮಿತವ್ಯಯ ಹೇಳುವಾಗ ಮೊದಲನೆಯದನ್ನು, ವೇಗ ಹೇಳುವಾಗ ಎರಡನೆಯದನ್ನು ಮನಸ್ಸಿನಲ್ಲಿಟ್ಟಿರುತ್ತಾನೆ. ಎರಡೂ ಒಟ್ಟಿಗೆ ಸಿಕ್ಕವು. ಎರಡನೆಯದಾಗಿ, ಅದರ ಸ್ಮರಣೆ, ಅಂದರೆ ರ್‍ಯಾಮು, ಪ್ರೊಸೆಸರಿನ ಮಗ್ಗುಲಲ್ಲೇ ಕೂತಿದೆ. ತೆಂಗಿನಕಾಯಿ ದೂರದ ಉಗ್ರಾಣದಲ್ಲಿದ್ದರೆ ಅರೆಯುವವನಿಗಿಂತ ತರುವವನಿಗೇ ದಣಿವು. ಪ್ರೊಸೆಸರಿಗೂ ಲೆಕ್ಕ ಮಾಡುವುದಕ್ಕಿಂತ ಲೆಕ್ಕದ ಸಾಮಾನು ದೂರದಿಂದ ತರಿಸುವುದೇ ಹೆಚ್ಚು ಖರ್ಚು. ಉಗ್ರಾಣ ಹತ್ತಿರವಾದರೆ ವಿದ್ಯುತ್ತು ಉಳಿಯಿತು. ಆದರೆ ಇಂಥ ಯಂತ್ರಗಳಲ್ಲಿ ಮುಂದೆಂದೂ ರ್‍ಯಾಮು ಹೆಚ್ಚಿಸಲಾಗದು, ಕೊಳ್ಳುವ ದಿನ ಇದ್ದಷ್ಟೇ. ಎಂಟು ಜಿಬಿಯದನ್ನು ಅಗ್ಗವೆಂದು ತಂದು ಮೂರು ವರ್ಷದ ಮೇಲೆ ಪೇಚಾಡುವುದಕ್ಕಿಂತ ಹದಿನಾರರದನ್ನೇ ತರುವುದು ಲೇಸು.

ಇಲ್ಲಿ ಒಂದು ಅಡ್ಡ ಮಾತು. ದಕ್ಷತೆ ಎಂಬ ಶಬ್ದ ಕೇಳಿದರೆ ಗಿರಣಿಯವರ ಹುಬ್ಬು ಗಂಟಿಕ್ಕುವುದು ಸಹಜ. ಎರಡು ಮಗ್ಗ ನೋಡುವವನಿಗೆ ಮೂರು ಒಪ್ಪಿಸಿ ಅದನ್ನೇ ದಕ್ಷತೆ ಎಂದರು; 1928ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಆರು ತಿಂಗಳು ಮುಷ್ಕರ ಹೂಡಿದ್ದು ಅಂಥ ಯೋಜನೆಗಳ ವಿರುದ್ಧವೇ. ಯಂತ್ರದ ದಕ್ಷತೆಯಲ್ಲಿ ಆ ಮೋಸವಿಲ್ಲ. ಕಡಿಮೆ ಆಹಾರದಲ್ಲಿ ಹೆಚ್ಚು ಕೆಲಸ ಎಂಬುದನ್ನು ಚಿಪ್ಪಿಗೆ ಹೇಳಬಹುದು. ಅದಕ್ಕೆ ಮನೆಯಲ್ಲಿ ಮಕ್ಕಳಿಲ್ಲ. ಮನುಷ್ಯನಿಗೆ ಹೇಳಿದಾಗ ಮಾತ್ರ ನಮ್ಮ ಜಗಳ.

ಈಗ ಅಂಗಡಿಗೆ ಬರೋಣ. ಹಳೆಯ ಲ್ಯಾಪ್‌ಟಾಪು ಮಾರುವ ಅಂಗಡಿಯಲ್ಲಿ ಮೊದಲು ಕೇಳುವ ಮಂತ್ರ ‘ಐ7 ಇದೆ ಸಾಹೇಬ್’ ಎಂಬುದು. ಐ5ಕ್ಕಿಂತ ಐ7 ದೊಡ್ಡದೆಂದು ಯಾರಾದರೂ ಹೇಳಿಯಾರು. ಆದರೆ 2016ರ ಐ7-7500ಯು ಎಂಬುದರಲ್ಲಿ ಇರುವುದು ಎರಡೇ ಕೋರು. ಮರುವರ್ಷ, ಅಂದರೆ 2017ರಲ್ಲಿ ಬಂದ ಐ5-8250ಯು ಎಂಬುದರಲ್ಲಿ ನಾಲ್ಕು ಕೋರು. ಎರಡರ ಚೀಟಿಯೂ 15 ವಾಟಿನದೇ. ತಾಳದ ಮೂಲ ಅಂಕೆ ನೋಡಿದರೆ ಐ7ರದು 2.7, ಐ5ರದು 1.6 ಗಿಗಾಹರ್ಟ್ಸ್! ಅಂಕೆ ನೋಡಿ ಕೊಂಡವನು ಹೆಚ್ಚು ಹಣ ಕೊಟ್ಟು ಕಡಿಮೆ ಕೆಲಸದ ಯಂತ್ರ ತರುತ್ತಾನೆ. ಪೆಟ್ಟು ಅಷ್ಟಕ್ಕೇ ನಿಲ್ಲುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಇಂಟೆಲಿನ ಎಂಟನೆಯ ಪೀಳಿಗೆಯಾದರೂ ಬೇಕು. 8250ರ ಮೊದಲ ಅಂಕೆ ಎಂಟು, ಅದು ದಾಟುತ್ತದೆ. 7500ರ ಮೊದಲ ಅಂಕೆ ಏಳು, ಅದು ಹೊರಗೇ ಉಳಿಯುತ್ತದೆ. ಲಿನಕ್ಸ್ ಹಾಕಿ ಹಳೆಯದನ್ನೂ ನಡೆಸಬಹುದು. ಆದರೆ ನಮ್ಮ ಹುಡುಗರಲ್ಲಿ ಅನೇಕರು ಕಾಮರ್ಸಿನವರು, ಟ್ಯಾಲಿ ಕಲಿಯುವವರು, ಅದಕ್ಕೆ ವಿಂಡೋಸೇ ಬೇಕು. ಮ್ಯಾಕ್‌ಬುಕ್ ಮೆಚ್ಚಿದರೂ ಎಲ್ಲರಿಗೂ ಅದನ್ನೇ ಕೊಡಲಾಗದ ಕಾರಣವೂ ಇದೇ. ಸ್ನ್ಯಾಪ್‌ಡ್ರಾಗನ್ನಿನಲ್ಲಿ ವಿಂಡೋಸಿದೆ, ಆದರೆ ಇಂಟೆಲಿಗೆಂದು ಬರೆದ ಹಳೆಯ ತಂತ್ರಾಂಶಗಳನ್ನು ಅದು ದುಭಾಷಿಯ ಮೂಲಕ ನಡೆಸಬೇಕು. ಕೆಲವು ನಡೆಯುವುದೂ ಇಲ್ಲ.

ಹೆಸರಿನ ಕೊನೆಯ ಅಕ್ಷರವನ್ನೂ ಓದಿ. ಯು ಎಂದಿದ್ದರೆ ಸುಮಾರು 15 ವಾಟಿನ ಜಾತಿ, ಎಚ್ ಎಂದಿದ್ದರೆ ಸುಮಾರು 45 ವಾಟಿನದು. ಎಚ್ ಜಾತಿಯದು ಆಟ ಆಡುವವರಿಗೆ, ಸಿನಿಮಾ ಕತ್ತರಿಸುವವರಿಗೆ. ಎಎಂಡಿಯ ಹೆಸರುಗಳದ್ದು ಬೇರೆಯೇ ಒಗಟು. ರೈಜನ್ 5 7520ಯು ಎಂಬುದು ಏಳು ಸಾವಿರದ ಸಾಲಿನದು, ನೋಡಲು ಹೊಸದು. ಆದರೆ ಮೂರನೆಯ ಅಂಕೆ 2 ಎಂದರೆ ಒಳಗಿನ ರಚನೆ 2019ರಲ್ಲಿ ಬಂದ ಜೆನ್ 2. ಆ ಸಾಲಿನಲ್ಲಿ ಮೂರನೆಯ ಅಂಕೆ 4 ಇದ್ದರೆ ಜೆನ್ 4. ನಿನ್ನೆಯ ಇಡ್ಲಿಗೆ ಇಂದಿನ ಚಟ್ನಿ ಹಾಕಿ ಬಡಿಸುವುದು ನಮ್ಮ ಕಸುಬಿನಲ್ಲಿ ಮಾತ್ರ ಇದೆಯೆಂದು ತಿಳಿದಿದ್ದೆವು. ಇನ್ನು ಹೊಸ ಯಂತ್ರಗಳಲ್ಲಿ ಕೃತಕ ಬುದ್ಧಿಗೆಂದು ಸೆಕೆಂಡಿಗೆ 40 ಲಕ್ಷ ಕೋಟಿಗೂ ಹೆಚ್ಚು ಲೆಕ್ಕ ಮಾಡುವ ಎನ್‌ಪಿಯು ಎಂಬ ಬೇರೆ ಭಾಗವಿದೆ ಎಂದು ದೊಡ್ಡ ಜಾಹೀರಾತು. ಹುಡುಗರು ಮೊಬೈಲಿನಲ್ಲಿ ಪ್ರಶ್ನೆ ಕೇಳುವ ಕೃತಕ ಬುದ್ಧಿಯ ಕೆಲಸ ನಡೆಯುವುದು ದೂರದ ಗಣಕ ಕೇಂದ್ರಗಳಲ್ಲಿ, ಈ ಭಾಗದಲ್ಲಲ್ಲ. ಇದ್ದರೆ ಇರಲಿ, ಅದಕ್ಕೆಂದು ಹೆಚ್ಚು ಹಣ ಕೊಡುವುದು ವಿದ್ಯಾನಿಧಿಗೆ ಸಲ್ಲದು.

ಹಳೆಯ ಪೆಟ್ಟಿಗೆ ಕಂಪ್ಯೂಟರಿನ ಪಕ್ಷದವರಿಗೂ ಉತ್ತರ ಕೊಡಬೇಕು. ಪರದೆಯೂ ಸೇರಿ ಅಂಥದೊಂದು 100 ವಾಟು ಎಳೆಯುತ್ತದೆ, ದಿನಕ್ಕೆ ಆರು ಗಂಟೆ ನಡೆಯುತ್ತದೆ ಎನ್ನೋಣ. ಹತ್ತಕ್ಕೆ ತಿಂಗಳಿಗೆ 180 ಯೂನಿಟ್ಟು. 15 ವಾಟಿನ ಹತ್ತು ಲ್ಯಾಪ್‌ಟಾಪುಗಳಿಗೆ 27 ಯೂನಿಟ್ಟು. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೆ ಉಳಿತಾಯ ತಿಂಗಳಿಗೆ 1,530 ರೂಪಾಯಿ. ಇದು ಸಂಘಕ್ಕೆ ಬೇಡದ ಹಣವೇನಲ್ಲ. ಆದರೆ ಒಬ್ಬೊಬ್ಬರ ಮನೆಯ ಬಿಲ್ಲಿನಲ್ಲಿ ಹೊಸ ಲ್ಯಾಪ್‌ಟಾಪಿಗೂ ಹಳೆಯ ಲ್ಯಾಪ್‌ಟಾಪಿಗೂ ಇರುವ ವ್ಯತ್ಯಾಸ ತಿಂಗಳಿಗೆ ಕೆಲವೇ ರೂಪಾಯಿ. ಕರೆಂಟು ಉಳಿಯುತ್ತದೆಂದು ಹೇಳಿ ದುಬಾರಿ ಯಂತ್ರ ಮಾರಲು ಬಂದವನನ್ನು ಬಾಗಿಲಿನಿಂದಲೇ ಕಳಿಸಿ. ನಮಗೆ ಮಿತಾಹಾರಿ ಯಂತ್ರ ಬೇಕಾದುದು ಬಿಲ್ಲಿಗಾಗಿ ಅಲ್ಲ, ಮೇನ್ ಸ್ವಿಚ್ಚು ಆರಿದ ಮೇಲಿನ ಹೊತ್ತಿಗಾಗಿ. ಪೆಟ್ಟಿಗೆ ಕಂಪ್ಯೂಟರು ಆ ಹೊತ್ತಿಗೆ ಬರೀ ಪೆಟ್ಟಿಗೆ.

ಇಷ್ಟೆಲ್ಲ ವಿಚಾರಿಸಿ ನಾವು ಸಭೆಯ ಮುಂದಿಡುವ ಸೂಚನೆ ಇದು. ಹತ್ತರಲ್ಲಿ ಎಂಟು ಯಂತ್ರಗಳನ್ನು ಕಂಪನಿಗಳಿಂದ ಹೊರಬಂದು ದುರಸ್ತಿಯಾದ ಲ್ಯಾಪ್‌ಟಾಪುಗಳಲ್ಲಿ ಆರಿಸುವುದು. ಎಂಟನೆಯ ಪೀಳಿಗೆಗಿಂತ ಹಿಂದಿನದು ಬೇಡ, ಯು ಜಾತಿಯದೇ ಆಗಬೇಕು, ರ್‍ಯಾಮು 16 ಜಿಬಿ. ಎಂಟಕ್ಕೂ ಹೊಸ ಬ್ಯಾಟರಿ ಹಾಕಿಸುವುದು, ಯಾಕೆಂದರೆ ಪ್ರೊಸೆಸರು ಎಷ್ಟು ಮಿತಾಹಾರಿಯಾದರೂ ಸವೆದ ಬ್ಯಾಟರಿ ಓಟೆಯಾದ ಹಂಡೆಯೇ. ಉಳಿದ ಹಣದಲ್ಲಿ ಹೊಸ ಪೀಳಿಗೆಯ ಎರಡು ಯಂತ್ರ ಕೊಂಡು, ಪ್ರೋಗ್ರಾಮಿಂಗ್ ಮತ್ತು ಡಿಪ್ಲೊಮಾ ಓದುವವರಿಗೆ ಮೀಸಲಿಡುವುದು. ಅಂಗಡಿಯಲ್ಲಿ ಪ್ಲಗ್ಗು ಕಿತ್ತು ಅರ್ಧ ಗಂಟೆ ಬ್ಯಾಟರಿಯ ಮೇಲೆಯೇ ನಡೆಸಿ ನೋಡಬೇಕು, ಯಾಕೆಂದರೆ ಪ್ಲಗ್ಗಿನಲ್ಲಿದ್ದಾಗ ಓಡುವ ಕೆಲವು ಯಂತ್ರಗಳು ಪ್ಲಗ್ಗು ಕಿತ್ತೊಡನೆ ಕುಂಟುತ್ತವೆ. ವಿಂಡೋಸಿನಲ್ಲಿ ಬ್ಯಾಟರಿಯ ವರದಿ ತೆಗೆಯುವ ವ್ಯವಸ್ಥೆಯಿದೆ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬುದು ಅದರಲ್ಲಿ ಬರುತ್ತದೆ; ಅದನ್ನು ತೆಗೆಸದೆ ಹಣ ಕೊಡಕೂಡದು.

ಯಂತ್ರ ನೋಡಲು ಬರುವ ರವಿವಾರ ಮಧ್ಯಾಹ್ನ ಮೂರಕ್ಕೆ, ಹೋಟೆಲಿನ ಎರಡು ಪಾಳಿಗಳ ನಡುವಿನ ಬಿಡುವಿನಲ್ಲಿ, ಸಮಿತಿಯಿಂದ ಇಬ್ಬರು ಹೋಗಲಿದ್ದಾರೆ. ರಾತ್ರಿ ಕಾಲೇಜಿನ ಹುಡುಗರಲ್ಲಿ ಇಬ್ಬರು ಜೊತೆಗೆ ಬರಬೇಕು, ಉಪಯೋಗಿಸುವವರು ಅವರು. ಮಲಗುವ ಖೋಲಿಗಳಲ್ಲಿ ರಾತ್ರಿ ಕರೆಂಟು ಕಡಿಯಬಾರದೆಂಬ ಬೇಡಿಕೆ ಬೇರೆ ಠರಾವಾಗಿ ಇದರ ನಂತರ ಬರಲಿದೆ. ಹತ್ತು ಗಂಟೆ ಬರುವ ಬ್ಯಾಟರಿ ಕೊಟ್ಟಿದ್ದೇವೆಂದು ಆ ಬೇಡಿಕೆಯನ್ನು ಯಾರೂ ಸಡಿಲಿಸಕೂಡದೆಂದು ಈಗಲೇ ಹೇಳಿರುತ್ತೇವೆ. ಲ್ಯಾಪ್‌ಟಾಪಿನ ಸೂಚನೆಯನ್ನು ಅನುಮೋದಿಸುವವರು ಕೈ ಎತ್ತಬೇಕೆಂದು ಅಧ್ಯಕ್ಷರ ಅಪ್ಪಣೆ ಪಡೆದು ಕೇಳಿಕೊಳ್ಳುತ್ತೇವೆ.